ಎರಡೂ ಡಿಸ್ಕಿಗೆ ಕುಂಕುಮ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಎರಡು ಸಾವಿರದ ನಾಲ್ಕೈದರ ಮಾತು. ಹಿಂದೂಪುರದಲ್ಲಿ ಓದು, ಕಲ್ಯಾಣದುರ್ಗದಲ್ಲಿ ಮನೆ, ಮನೆಯಲ್ಲೊಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು, ಅದರೊಳಗೆ ವಿಂಡೋಸ್ ಬದಲು ಲಿನಕ್ಸ್, ಲಿನಕ್ಸಿನೊಳಗೆ ನನ್ನ ಕೊನೇ ವರ್ಷದ ಪ್ರಾಜೆಕ್ಟು. ಅದರ ಇನ್ನೊಂದು ಪ್ರತಿ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಸೋಮವಾರ ವೈವಾ. ಅದಕ್ಕೆ ಸರಿಯಾಗಿ ಹಾರ್ಡ್ ಡಿಸ್ಕು ಕಟಕಟ ಅನ್ನತೊಡಗಿತು.

ಹಿಂದೂಪುರದ ಅಂಗಡಿಯವನು "ಇದೊಕ್ಕಟೇ ಉಂದಿ ಬಾಬು", ಇರುವುದು ಇದೊಂದೇ, ಎಂದು ಕೊಟ್ಟ ಹೊಸ ಡಿಸ್ಕು ಹಳೆಯದರದೇ ಕಂಪನಿ, ಹಳೆಯದರದೇ ಅಳತೆ. ಪೆನುಕೊಂಡದ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಶನಿವಾರ ಬೆಳಿಗ್ಗೆ ಹಳೆಯದನ್ನು ಬಿಚ್ಚಿ, ಎರಡನ್ನೂ ಚಾಪೆಯ ಮೇಲಿಟ್ಟು, ಸಣ್ಣ ಸ್ಕ್ರೂಡ್ರೈವರ್ ಕೇಳಲು ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಎರಡೂ ದೇವರ ಗೂಡಿನ ಮುಂದೆ ಕೂತಿದ್ದವು. ಎರಡರ ಹಣೆಗೂ ಅರಿಶಿನ, ಕುಂಕುಮ. ಅಮ್ಮನ ಕೆಲಸ.

"ಹೊಸದಕ್ಕೆ ಇಟ್ಟಿದ್ರೆ ಸಾಕಿತ್ತು ಕಣಮ್ಮ!"

"ಹೊಸಾ ಸೊಸೆ ಬಂದ್ಲು ಅಂತ ಹಳೇ ಸೊಸೇನ ಬರೀ ಹಣೇಲಿ ಕೂರಿಸಕ್ಕಾಯ್ತದೇನ್ಲಾ?"

"ಈಗ ಹಳೇದ್ಯಾವ್ದು?"

"ಓದಿರೋನು ನೀನು. ನನ್ನ ಕೇಳ್ತೀಯಾ?"

ಒಂದೊಂದನ್ನೇ ಹಾಕಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಅದು ಅನುಮಾನ ಇರುವವರ ಕೆಲಸ. ಫಳಫಳ ಹೊಳೆಯುವುದೇ ಹೊಸದು ಎಂದು ತೀರ್ಮಾನಿಸಿ ಎರಡನ್ನೂ ಜೋಡಿಸಿದೆ. ಸಿಡಿಯಿಂದ ಲಿನಕ್ಸ್ ಏಳಿಸಿ, ಮಂಕಾದದ್ದರಲ್ಲಿ ಇರುವುದನ್ನೆಲ್ಲ ಹೊಳೆಯುವುದರ ಮೇಲೆ ಬರೆ ಎಂಬ ಒಂದು ಸಾಲಿನ ಆಜ್ಞೆ ಟೈಪ್ ಮಾಡಿದೆ. ದಿಕ್ಕು ತಪ್ಪಿದರೆ ಖಾಲಿ ಡಿಸ್ಕು ನನ್ನ ಪ್ರಾಜೆಕ್ಟನ್ನು ನುಂಗಿ ಹಾಕುತ್ತದೆ. ಎಂಟರ್ ಒತ್ತುವುದೊಂದೇ ಬಾಕಿ.

ಅಮ್ಮ ಕಡಲೆಕಾಯಿ ಮಿಲ್ಲಿನಲ್ಲಿ ಸಿಪ್ಪೆ ಬಿಡಿಸುವ ಮಿಷನ್ನಿಗೆ ಕಾಯಿ ಹಾಕುವವಳು. ಓಡುವ ಮಿಷನ್ ಕಂಡರೆ ಅಂಗೈ ಇಟ್ಟು ನೋಡದೆ ಇರಲಾರಳು. ಬಿಚ್ಚಿದ್ದ ಡಬ್ಬದೊಳಗೆ ಕೈ ಹಾಕಿ ಒಂದೊಂದೇ ಡಿಸ್ಕು ಮುಟ್ಟಿದಳು.

"ಈ ಹೊಳಿಯೋದು ನಡುಗ್ತೈತೆ ಕಣಪ್ಪ. ಬೇರಿಂಗ್ ಹೋಗೈತೆ."

"ಅದು ಹೊಸದು ಕಣಮ್ಮ. ನಾನು ಡಿಗ್ರಿ ಓದಿರೋನು."

"ಇನ್ನಾ ಪಾಸಾಗಿಲ್ವಲ್ಲ."

ಈ ಮಾತು ತಡೆಯಲಾಗಲಿಲ್ಲ. ಅವಳದೇ ತಪ್ಪೆಂದು ತೋರಿಸಿಬಿಡೋಣ ಎಂದು ಹೊಳೆಯುವುದನ್ನು ಬಿಚ್ಚಿ, ಸಿಡಿ ತೆಗೆದು, ಮಂಕಾದದ್ದನ್ನೇ ಒಂಟಿಯಾಗಿ ಚಾಲೂ ಮಾಡಿದೆ. ಪರದೆ ಕಪ್ಪಗೆ ಕೂತು, ಇದರಲ್ಲಿ ಏನೂ ಇಲ್ಲ ಎಂದಿತು. ಅಂದರೆ ಮಂಕಾದದ್ದೇ ಹೊಸದು; ಎಂಟರ್ ಒತ್ತಿದ್ದರೆ ಪ್ರಾಜೆಕ್ಟು ಹೋಗಿರುತ್ತಿತ್ತು.

"ಹಳೇದು ಅದ್ಯಾಕಮ್ಮ ಹಂಗೆ ಹೊಳೀತೈತೆ?"

"ಧೂಳು ಮೆತ್ತಿತ್ತು. ವಿಭೂತಿ ಹಾಕಿ ಉಜ್ಬುಟ್ಟೆ."

ಮತ್ತೆ ಎರಡನ್ನೂ ಜೋಡಿಸಿ, ಸಿಡಿ ಹಾಕಿ, ದಿಕ್ಕು ತಿರುಗಿಸಿ ಆಜ್ಞೆ ಕೊಟ್ಟೆ. ಹಳೇ ಸೊಸೆ ಕೆಮ್ಮುತ್ತಲೇ ಸಂಜೆಯವರೆಗೆ ಎಲ್ಲವನ್ನೂ ಹೊಸಬಳಿಗೆ ಒಪ್ಪಿಸಿದಳು. ಅಮ್ಮ ಆಗಾಗ ಬಂದು ಅಂಗೈ ಇಟ್ಟು, "ಇನ್ನಾ ಉಸಿರೈತೆ" ಎಂದು ವರದಿ ಕೊಟ್ಟು ಹೋಗುತ್ತಿದ್ದಳು.

ಸೋಮವಾರ ಹೊಸ ಡಿಸ್ಕನ್ನೇ ಕಾಲೇಜಿಗೆ ಒಯ್ದು ಅಲ್ಲಿನ ಕಂಪ್ಯೂಟರಿಗೆ ಹಾಕಿದೆ. ಲಿನಕ್ಸ್ ಎದ್ದಿತು, ಪ್ರಾಜೆಕ್ಟೂ ಎದ್ದಿತು. ಎಲ್ಲ ಕೇಳಿಯಾದ ಮೇಲೆ ಪರೀಕ್ಷಕರು ಡಿಸ್ಕಿನತ್ತ ಬೆರಳು ತೋರಿಸಿ, "ಕುಂಕುಮ ಯಾಕಯ್ಯ?" ಎಂದರು.

"ಗುರುತಿಗೆ ಸಾರ್," ಎಂದೆ.

ಪಾಸಾದೆ.