ತಮ್ಮ ವರದಿಯನ್ನು ತಾವೇ ಹಿಂಪಡೆದ ಹೇಮಲತಾ ಮೇಡಂ

ಹುಲ್ಲಹಳ್ಳಿಯಿಂದ ತಿ. ನರಸೀಪುರದವರೆಗೆ ಕಪಿಲೆಗೆ ಬಂದು ಸೇರುವ ಹಳ್ಳಗಳ ನೀರನ್ನು ಸೀಸೆಗಳಲ್ಲಿ ತುಂಬಿ ತಂದು, ಮೇಲಿನ ನೆಲದಲ್ಲಿ ನಡೆದ ಬೇಸಾಯ, ಎದ್ದ ಮನೆ, ತೆರೆದ ಕಾರ್ಖಾನೆ ಆ ನೀರಿಗೆ ಏನು ಮಾಡಿವೆ ಎಂಬುದನ್ನು ಮೂವತ್ತೊಂದು ವರ್ಷ ಬಿಡದೆ ಪರೀಕ್ಷಿಸಿದವರು ಡಾ. ಹೇಮಲತಾ. ನಂಜನಗೂಡಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತ, ರಜೆಗಳನ್ನೆಲ್ಲ ಹಳ್ಳದ ದಂಡೆಗೆ ಧಾರೆಯೆರೆದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಪ್ರಬಂಧಗಳ ಪಟ್ಟಿ, ಅವರ ಗೌರವಕ್ಕೆಂದು ನಾವು ತಂದಿರುವ ಈ ಸಂಪುಟದ ಕೊನೆಯಲ್ಲಿದೆ. ಪಟ್ಟಿಗೆ ಸೇರದ ಒಂದು ವರದಿಯ ಕಥೆ ಇಲ್ಲಿದೆ.

ಹನ್ನೊಂದು ವರ್ಷಗಳ ಹಿಂದೆ ಅವರ ತವರೂರಿನ ಹಳ್ಳದಲ್ಲಿ ನೈಟ್ರೇಟ್ ಏರಿತ್ತು. ಹಳ್ಳದ ದಂಡೆಯಲ್ಲಿದ್ದ ಕೇರಿಗಿಂತ ಮೇಲೆ ನೀರು ಚೊಕ್ಕಟ, ಕೇರಿ ದಾಟಿದ ಮೇಲೆ ಕೆಟ್ಟದ್ದು. ಅಲ್ಲಿನ ನಲವತ್ತು ಮನೆಗಳ ಕೊಳಚೆಯೇ ಕಾರಣವೆಂದು ಮೇಡಂ ತಾಲ್ಲೂಕು ಕಚೇರಿಗೆ ವರದಿ ಬರೆದುಕೊಟ್ಟರು. ಬರೆದದ್ದೇ ತಡ, ಕೇರಿಯನ್ನು ಊರಾಚೆಯ ಕಲ್ಲುಭೂಮಿಗೆ ಎತ್ತಂಗಡಿ ಮಾಡುವ ಕಡತ ಸಿದ್ಧವಾಯಿತು. ಎದುರು ದಂಡೆಯ ಭತ್ತದ ಗದ್ದೆಗಳ ಬಸಿಗಾಲುವೆಯೂ ಅಲ್ಲೇ ಹಳ್ಳಕ್ಕೆ ಬೀಳುತ್ತಿತ್ತು. ಆದರೆ ತಾವು ಆಡಿ ಬೆಳೆದ ಗದ್ದೆಗಳ ಮೇಲೆ ಅವರಿಗೆ ಅನುಮಾನವೇ ಹುಟ್ಟಲಿಲ್ಲ.

ಕೇರಿಯ ಸಾಕಮ್ಮ ಬಸ್ಸು ಹಿಡಿದು ಪ್ರಯೋಗಾಲಯದ ಬಾಗಿಲಿಗೇ ಬಂದು ನಿಂತರು. "ನೀವು ಬರಾದೇ ಗದ್ದೆಗೆ ಯೂರಿಯಾ ಎರಚಿ ನೀರ್ ಬುಟ್ಟಾಗ ಕಣವ್ವ. ನಾಲೆ ನಿಂತ್ಮೇಲೆ ಒಂದ್ ದಪ ಬಂದು ನೋಡಿ. ಆಗ ನಾವೇನು ಊರ್ ಬುಟ್ ಓಗಿರ್ತೀವಾ?"

ಮೇಡಂ ನಾಲೆ ನಿಂತು ಗದ್ದೆ ಒಣಗಿದ ಮೇಲೆ ಆರು ವಾರ ನೀರು ತಂದರು. ಕೊಳಚೆಯೇ ಕಾರಣವಾಗಿದ್ದರೆ ಹಳ್ಳ ಸೊರಗಿದಾಗ ಅಂಕಿ ಏರಬೇಕಿತ್ತು, ಅದು ಇಳಿದಿತ್ತು. ಅದನ್ನು ಕಂಡು ಅವರ ಮುಖ ಸಣ್ಣದಾದದ್ದನ್ನು ಪ್ರಯೋಗಾಲಯದ ಸಹಾಯಕ ನಂಜೇಶ್ ಇಂದಿಗೂ ನೆನೆಯುತ್ತಾರೆ.

ತಾಲ್ಲೂಕಿನ ಸಭೆಯಲ್ಲಿ ಮೇಡಂ ಎದ್ದು ನಿಂತು, ತಪ್ಪು ತಮ್ಮದೆಂದು ಹೇಳಿ ವರದಿಯನ್ನು ಹಿಂಪಡೆದರು. ಬಸಿಗಾಲುವೆಗೆ ನೀರು ಬಿಡುವವರ ಹೆಸರು ಓದಿದರು. ಮೊದಲ ಹೆಸರು ಅವರ ಅಣ್ಣ ಶಿವಸ್ವಾಮಿಯವರದು.

"ನಾಕ್ ಜನದ್ ಮುಂದೆ ಮನೆ ಮಾನ ಕಳದ್ಬುಟ್ಟಲ್ಲವ್ವ" ಎಂದು ಅಣ್ಣ ಎದ್ದು ಹೊರಟರು.

"ನನ್ ತಪ್ಪನ್ನೂ ಓದಿದ್ನಲ್ಲಣ್ಣ" ಎಂದರು ತಂಗಿ. ಅಣ್ಣ ಆಗಲೇ ಬಾಗಿಲು ದಾಟಿದ್ದರು.

ಕೇರಿ ಉಳಿಯಿತು. ಅಂದಿನಿಂದ ಗೌರಿ ಹಬ್ಬಕ್ಕೆ ಮೇಡಂಗೆ ತವರಿನ ಬಾಗಿನ ಬಂದಿಲ್ಲ. ಕೇಳಿದವರಿಗೆ ಅವರು ನಕ್ಕು ಬೇರೆ ಮಾತು ತೆಗೆಯುತ್ತಾರೆ. ಆ ನಗು ನೋಡಲು ನಮಗೆ ಕಷ್ಟವಾಗುತ್ತದೆ.

ಮೇಡಂ ನೂರು ವರ್ಷ ಬಾಳಲಿ, ಅವರ ಸೀಸೆಗಳು ಖಾಲಿ ಕೂರದಿರಲಿ. ಶಿವಸ್ವಾಮಿಯವರೇ, ಈ ಸಂಪುಟದ ಒಂದು ಪ್ರತಿ ನಿಮಗೂ ಬರುತ್ತದೆ. ಓದಿದ ಮೇಲೂ ಕೋಪ ಇಳಿಯದಿದ್ದರೆ, ಕೋಪವನ್ನು ಇಟ್ಟುಕೊಂಡೇ ತಂಗಿಯನ್ನು ಹಬ್ಬಕ್ಕೆ ಕರೆಯಿರಿ.