ಗೋಧಿ ಸೋಕದ ಕೇಕು

ಕ್ಯಾರೆಟ್ ತುರಿಯುವವರಿಗೆಲ್ಲ ಕೊನೆಯಲ್ಲಿ ಒಂದು ಸಂಕಟ ಎದುರಾಗುತ್ತದೆ. ಉದ್ದನೆಯ ಗಡ್ಡೆ ತುರಿಮಣೆಯ ಮೇಲೆ ಸವೆದು ಸವೆದು ಹೆಬ್ಬೆಟ್ಟಿನ ತುದಿಯಷ್ಟಾದಾಗ, ಇನ್ನೂ ತುರಿದರೆ ಬೆರಳಿನ ಚರ್ಮ ಹೋಗುತ್ತದೆ, ಎಸೆಯೋಣವೆಂದರೆ ಒಕ್ಕಲುತನದ ಮನಸ್ಸು ಒಪ್ಪುವುದಿಲ್ಲ. ಹೆಂಗಸರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಆ ಚೂರನ್ನು ಬಾಯಿಗೆ ಹಾಕಿಕೊಂಡು ಮುಂದಿನ ಗಡ್ಡೆಗೆ ಕೈಹಾಕುತ್ತಾರೆ. ಇಷ್ಟು ಸರಳವಾದ ಪರಿಹಾರ ನನಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ, ತೋರುಬೆರಳಿಗೆ ಅರಿಶಿನ ಮೆತ್ತಿಕೊಂಡ ಮೇಲೆ.

ಮಾಗಡಿ ಸೀಮೆಯಲ್ಲಿ ರಾಗಿ, ತೆಂಗು ನೋಡಿಕೊಂಡು, ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿದ ಮುದುಕನಿಗೆ ಕ್ಯಾರೆಟ್ಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಕು ಮಾಡಲು ಹೊರಟಿದ್ದೆ. ಅದೂ ಗೋಧಿಯ ಸೋಂಕೇ ಇಲ್ಲದ ಕೇಕು. ಯಾಕೆ ಹೊರಟೆ ಎನ್ನುವುದಕ್ಕೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗುತ್ತದೆ.

ನಮ್ಮ ಸೊಸೆ ಭವ್ಯಾ ಕನಕಪುರದ ಕಡೆಯವಳು. ಬಿ.ಕಾಂ. ಓದಿ ಮಾಗಡಿಯ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮೊಮ್ಮಗಳು ಹುಟ್ಟಿದ ಮೇಲೆ ಅವಳಿಗೆ ಹೊಟ್ಟೆನೋವು, ಭೇದಿ, ಸುಸ್ತು ಬಿಡದೆ ಕಾಡತೊಡಗಿದವು. ರಾಮನಗರದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಇವಳ ಕರುಳಿಗೆ ಆಗಿಬರುವುದಿಲ್ಲ, ಚಪಾತಿ, ರವೆ, ಮೈದಾ, ಬ್ರೆಡ್ಡು ಯಾವುದೂ ಜೀವಮಾನವಿಡೀ ಕೂಡದು, ಒಂದು ಚಿಟಿಕೆಯೂ ಕೂಡದು ಎಂದರು. ನಾನು ನಕ್ಕುಬಿಟ್ಟೆ. "ಮುದ್ದೆ ಉಣ್ಣೋ ಮನೆಗೇ ಬಂದವ್ಳಲ್ಲ, ಅದೇನ್ ಮಹಾ ಕಾಯ್ಲೆ ಬುಡು" ಎಂದು ಮಗನಿಗೆ ಹೇಳಿದೆ. ಚಿಟಿಕೆಯ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು.

ಆಮೇಲೆ ಮನೆಗೆ ತಾರಸಿ ಹಾಕಿಸಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಪೂಜೆಯ ಪ್ರಸಾದವೆಂದರೆ ಸಜ್ಜಿಗೆ, ಸಜ್ಜಿಗೆಯೆಂದರೆ ಗೋಧಿ ರವೆ. ತಟ್ಟೆ ಹಿಡಿದುಕೊಂಡು ಎಲ್ಲರಿಗೂ ಹಂಚುತ್ತ ಬಂದೆ. ಭವ್ಯಾ ಕೈಮುಗಿದು, "ಕಣ್ಗೊತ್ಕೋತೀನಿ ಮಾವ, ತಿನ್ನಕ್ಕಾಗಲ್ಲ" ಎಂದಳು. ಪಕ್ಕದಲ್ಲೇ ಕೂತಿದ್ದ ನಮ್ಮಕ್ಕ ಬಿಡಲಿಲ್ಲ.

"ಏನ್ಲಾ ತಮ್ಮ, ದೇವ್ರ್ ಪರ್ಸಾದನೇ ಬ್ಯಾಡ ಅಂತಾಳಲ್ಲ ನಿನ್ ಸೊಸೆ?"

ಬಂಧುಗಳೆಲ್ಲ ನನ್ನ ಮುಖ ನೋಡಿದರು. ರವೆಯೂ ಗೋಧಿಯೇ ಎಂದು ನನಗೆ ತಿಳಿದಿರಲಿಲ್ಲ ಎಂದು ಇಲ್ಲಿ ಬರೆದುಬಿಟ್ಟರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ತಿಳಿದಿತ್ತು. ಡಾಕ್ಟರ ಮಾತಿಗಿಂತ ಅಕ್ಕನ ಮಾತು ನನಗೆ ಹತ್ತಿರದಲ್ಲಿ ಕೇಳಿಸಿತು, ಅಷ್ಟೇ. "ಪರ್ಸಾದ ಕಣವ್ವ, ದೇವ್ರು ಕೊಟ್ಟಿದ್ದು ಏನೂ ಮಾಡಕಿಲ್ಲ, ತಿನ್ನು" ಎಂದು ಒಂದು ಉಂಡೆ ತೆಗೆದು ಅವಳ ಅಂಗೈಗೆ ಹಾಕಿ, ಅವಳು ನುಂಗುವ ತನಕ ಅಲ್ಲೇ ನಿಂತೆ. ಅವಳು ತಿಂದಳು. ನೆಂಟರು ಊಟ ಮುಗಿಸಿ ಏಳುವ ಹೊತ್ತಿಗೆ ಅವಳು ಹಿತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ಆಮೇಲೆ ರಾಮನಗರದ ಆಸ್ಪತ್ರೆ, ಡ್ರಿಪ್ಪು, ಮಗನ ಬಿಗಿದ ಮುಖ.

ಹಾಸಿಗೆಯಿಂದ ಎದ್ದ ದಿನ ಅವಳು ಏನಾದರೂ ಅನ್ನುತ್ತಾಳೆಂದು ಕಾದೆ. ಅವಳು ಎಂದಿನಂತೆ ಕಾಫಿ ತಂದಿಟ್ಟು, "ಮಾವ, ಕಾಫಿ" ಎಂದು ಒಳಗೆ ಹೋದಳು. ಆವತ್ತಿನಿಂದ ನಾನು ಏನು ಹೇಳಿದರೂ ಅವಳದು ಒಂದೇ ಉತ್ತರ, "ಹ್ಞೂಂ ಮಾವ". ಸಂತೆಯಿಂದ ಸೀಬೆಹಣ್ಣು ತಂದು ತಿನ್ನು ಅಂದರೆ ಹ್ಞೂಂ ಮಾವ, ಹಣ್ಣು ಮಾತ್ರ ತಟ್ಟೆಯಲ್ಲೇ ಒಣಗುತ್ತಿತ್ತು. ಜಗಳವಾಡುವ ಸೊಸೆಯನ್ನು ಸಂಭಾಳಿಸಬಹುದು. ಎಲ್ಲಕ್ಕೂ ಒಪ್ಪುವ ಸೊಸೆಯ ಮುಂದೆ ತಲೆಯೆತ್ತುವುದು ಕಷ್ಟ. ಮಾವನಾದವನು ಸೊಸೆಯ ಹತ್ತಿರ ತಪ್ಪಾಯ್ತು ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಮುದುಕರಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಹೀಗಿರುವಾಗ ಮೊಮ್ಮಗಳ ಹುಟ್ಟುಹಬ್ಬ ಬಂತು. ಮಗು ಕೇಕಿನ ಮೊದಲ ತುಣುಕನ್ನು ಅಮ್ಮನ ಬಾಯಿಗೆ ಹಿಡಿಯಿತು. ಭವ್ಯಾ ಆ ಪುಟ್ಟ ಕೈಗೆ ಮುತ್ತಿಟ್ಟು, ತುಣುಕನ್ನು ಮಗುವಿನ ಬಾಯಿಗೇ ತಿರುಗಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ತುಟಿ ತೊಳೆದುಕೊಂಡು ಬಂದಳು. ಇದನ್ನು ನಾನೊಬ್ಬನೇ ನೋಡಿದೆ.

ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟಿರುವ ನಂಜುಂಡ ನನ್ನ ಹೈಸ್ಕೂಲಿನ ಗೆಳೆಯ. ರಾಗಿಯಲ್ಲಿ ಕೇಕು ಮಾಡುವುದು ಹೇಗೆಂದು ಅವನನ್ನು ಕೇಳಿದೆ.

"ಮುದ್ದೆ ತಿರುವಿ ಮೇಲೊಂದು ಮೇಣದ್ಬತ್ತಿ ಹಚ್ಚಿಬುಡ್ಲಾ, ಅದೇ ರಾಗಿ ಕೇಕು" ಎಂದು ಗಿರಾಕಿಗಳ ಮುಂದೆಯೇ ಹೊಟ್ಟೆ ಕುಲುಕಿಸಿ ನಕ್ಕ.

ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿ ಪಾಠ ಹೇಳಿದ. ರಾಗಿಹಿಟ್ಟಿಗೆ ಮೈದಾದ ಹಿಡಿತವಿಲ್ಲ, ಬೆಂದ ಮೇಲೆ ಮರಳಿನಂತೆ ಉದುರುತ್ತದೆ, ಅದಕ್ಕೇ ಒಸಿ ಅಕ್ಕಿಹಿಟ್ಟು ಸೇರಿಸಬೇಕು, ಮೊಟ್ಟೆ ಧಾರಾಳವಾಗಿ ಹಾಕಬೇಕು, ಕ್ಯಾರೆಟ್ ತುರಿ ಬೆರೆಸಿದರೆ ಪಸೆ ನಿಲ್ಲುತ್ತದೆ ಎಂದ. ಹೊರಡುವಾಗ ಕೇಕು ಬೇಯಿಸುವ ದುಂಡನೆಯ ತಗಡಿನ ಅಚ್ಚೊಂದನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟ. ಮನೆಗೆ ಬಂದು ಅದನ್ನು ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಮುಖ ಕಾಣುವಂತೆ ಉಜ್ಜಿಟ್ಟೆ.

ಹಿಟ್ಟಿನ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ನಂಬಲಿಲ್ಲ. ಗಿರಣಿಯಲ್ಲಿ ನಮ್ಮ ರಾಗಿಗಿಂತ ಮುಂಚೆ ಯಾರೋ ಗೋಧಿ ಹಾಕಿಸಿರುತ್ತಾರೆ, ಅವರ ಹಿಟ್ಟಿನ ಕೊನೆ ನಮ್ಮ ಡಬ್ಬಕ್ಕೆ ಬಿದ್ದೇ ಬೀಳುತ್ತದೆ. ಆದ್ದರಿಂದ ಬಚ್ಚಲ ಪಕ್ಕದಲ್ಲಿ ಬಿದ್ದಿದ್ದ ನಮ್ಮವ್ವನ ಕಾಲದ ಬೀಸುವ ಕಲ್ಲನ್ನು ಉರುಳಿಸಿ ತಂದು, ಬಿಸಿನೀರು ಹುಯ್ದು ತಿಕ್ಕಿ, ಬಿಸಿಲಿಗೆ ಒಣಗಿಸಿ, ಜಗಲಿಯ ಮೇಲೆ ಕಾಲು ಚಾಚಿ ಕೂತೆ. ಬೀಸಲು ಕೂತ ಗಂಡಸನ್ನು ನಮ್ಮೂರು ಕಂಡಿರಲಿಲ್ಲ. ಹೆಂಗಸರು ಬೀಸುವಾಗ ಹಾಡುತ್ತಿದ್ದರು. ನನ್ನ ಬಾಯಲ್ಲಿ ಬಂದದ್ದು ಏದುಸಿರು ಮಾತ್ರ. ನನ್ನ ಹೆಂಡತಿ ಬಾಗಿಲಿಗೊರಗಿ ನಿಂತು ಸಾಕಷ್ಟು ಹೊತ್ತು ನೋಡಿದಳು.

"ನಾನ್ ಬಸುರೀಲಿ ಬೀಸುವಾಗ ಈ ಕೈ ಎಲ್ ಹೋಗಿದ್ವೋ" ಎಂದಳು.

"ಆಗ ಬುದ್ಧಿ ಇರ್ನಿಲ್ಲ ಕಣೆ."

"ಈಗ ಬಂದದೆ ಅಂತ ಯಾರ್ ಹೇಳುದ್ರು?" ಎನ್ನುತ್ತಲೇ ಮೊರ, ಜರಡಿ ತಂದು ಎದುರಿಗೆ ಕೂತು ಹಿಟ್ಟು ಸೋಸತೊಡಗಿದಳು.

ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಕ್ಯಾರೆಟ್ ತುರಿ, ಬೆಲ್ಲ, ನಾಟಿ ಕೋಳಿ ಮೊಟ್ಟೆ, ಎಣ್ಣೆ, ಏಲಕ್ಕಿ, ಬೇಕಿಂಗ್ ಪೌಡರು ಎಲ್ಲ ಬೆರೆಸಿದ ಹಿಟ್ಟನ್ನು ಅಚ್ಚಿಗೆ ಸುರಿದು ಒಳಗಿಟ್ಟೆ. ಮುಚ್ಚಳ ತೆಗೆದು ತೆಗೆದು ನೋಡಿದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡೆ. ಕೊನೆಗೆ ಕೇಕು ಉಬ್ಬಿತು. ನೆತ್ತಿ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು, ಬಣ್ಣ ಕೆಮ್ಮಣ್ಣಿನದು, ಪರಿಮಳ ಮಾತ್ರ ಬೀದಿಯ ತಿರುವಿನವರೆಗೂ ಹೋಯಿತು. ಅಚ್ಚು ಮಗುಚಿದಾಗ ಉದುರದೆ ಇಡಿಯಾಗಿ ತಟ್ಟೆಗಿಳಿಯಿತು. ಜೀವನದಲ್ಲಿ ಕೊಳವೆಬಾವಿಯಲ್ಲಿ ನೀರು ಬಂದಾಗ ಒಂದು ಸಲ, ಆಮೇಲೆ ಆವತ್ತು, ನಾನು ಮೀಸೆ ಮುಟ್ಟಿ ನೋಡಿಕೊಂಡದ್ದು ಎರಡೇ ಸಲ.

ಸಂಜೆ ಭವ್ಯಾ ಕೆಲಸದಿಂದ ಬಂದಳು. ಕೇಕಿನ ತಟ್ಟೆಯನ್ನು ಅವಳ ಮುಂದಿಟ್ಟ ಕ್ಷಣದಲ್ಲೇ ನನಗೊಂದು ಭಯ ಹುಟ್ಟಿತು. ಮಾವ ಕೊಟ್ಟದ್ದೆಂದು ಅವಳು ಇದನ್ನೂ ಸುಮ್ಮನೆ ನುಂಗಿಬಿಟ್ಟರೆ? ಅಂದು ಸಜ್ಜಿಗೆಯನ್ನೂ ಹಾಗೇ ತಾನೆ ತಿಂದದ್ದು. ಅವಳು ತಿಂದಳೆಂಬುದರಿಂದ ಅವಳು ನನ್ನನ್ನು ನಂಬಿದಳೆಂದು ಹೇಗೆ ತಿಳಿಯಲಿ?

"ತಿನ್ನಬ್ಯಾಡ, ಮೊದ್ಲು ಕೇಳವ್ವ. ಏನ್ ಕೇಳ್ಬೇಕೋ ಎಲ್ಲಾನೂ ಕೇಳು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಶುರುಮಾಡಿದಳು. ಹಿಟ್ಟು ಎಲ್ಲಿಯದು? ಕಲ್ಲು ತೋರಿಸಿದೆ. ಅಕ್ಕಿಹಿಟ್ಟು? ಅದೂ ಅದೇ ಕಲ್ಲಿನದು. ಬೇಕಿಂಗ್ ಪೌಡರಿನ ಡಬ್ಬ ಈಸಿಕೊಂಡು ಸಣ್ಣಕ್ಷರಗಳನ್ನೆಲ್ಲ ಓದಿದಳು. ನಾನು ಪ್ರತಿ ಪ್ರಶ್ನೆಗೂ ಕ್ಲಾಸಿನ ಜಾಣ ಹುಡುಗನಂತೆ ಉತ್ತರ ಕೊಡುತ್ತ ಹೋದೆ.

"ಯಾವುದ್ರಲ್ಲಿ ಬೇಯಿಸಿದ್ರಿ ಮಾವ?"

"ನಂಜುಂಡನ ಬೇಕರಿ ಅಚ್ಚು. ಹೆಂಗ್ ಉಜ್ಜಿವ್ನಿ ನೋಡು, ಮಕ ಕಾಣ್ತದೆ."

ಅವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೆರಗಿನ ಪಿನ್ನು ಬಿಚ್ಚಿ, ತಳವೂ ಅಂಚೂ ಸೇರುವ ಮಡಿಕೆಯೊಳಗೆ ಎಳೆದಳು. ಕಂದು ಬಣ್ಣದ ಹಳೆಯ ಹುಡಿ ಅವಳ ಅಂಗೈಗೆ ಉದುರಿತು. ಎಷ್ಟು ವರ್ಷಗಳ ಮೈದಾ ಕೇಕು ಆ ಮಡಿಕೆಯಲ್ಲಿ ಕೂತಿತ್ತೋ.

"ಬೇಡ ಮಾವ. ನಾನು ಇದನ್ನ ತಿನ್ನಲ್ಲ."

ಹೆಂಡತಿಗೆ ತಡೆಯಲಾಗಲಿಲ್ಲ. "ಅಷ್ಟು ಬೀಸವ್ರೆ ಕಣವ್ವ, ಕೈಯೆಲ್ಲ ಬೊಬ್ಬೆ ಬಂದದೆ. ಮಧ್ಯದ್ದು ಒಂದ್ ಚೂರು..."

"ಸುಮ್ಕಿರು" ಎಂದೆ. "ಬ್ಯಾಡ ಅಂದ್ಮೇಲೆ ಬ್ಯಾಡ. ಪೂಜೆ ದಿನ ಅಕ್ಕನ್ ಮುಂದೆ ನಾನ್ ಹಿಂಗನ್ಬೇಕಾಗಿತ್ತು. ಅನ್ನಲಿಲ್ಲ. ನಂದು ತಪ್ಪು."

ಅದನ್ನು ಹೆಂಡತಿಯ ಕಡೆ ತಿರುಗಿ ಹೇಳಿದೆ. ಕೇಳಿಸಬೇಕಾದವಳಿಗೆ ಕೇಳಿಸಿತು. ಭವ್ಯಾ ಪಿನ್ನನ್ನು ಸೆರಗಿಗೆ ಚುಚ್ಚಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಮೇಲೆ, "ಮಡಿಕೆ ಇಲ್ದಿರೋ ಡಬರಿ ಒಂದು ತನ್ನಿ ಮಾವ, ಹೊಸದು. ಒಳಗೆ ಬೆರಳಾಡ್ಸಿ ನೋಡಿ ತಗೊಳ್ಳಿ. ಭಾನುವಾರ ಇಬ್ರೂ ಸೇರಿ ಮಾಡೋಣ" ಎಂದಳು. ಹೀಗೆ ಇದು ತನ್ನಿ, ಹೀಗೆ ತನ್ನಿ ಎಂದು ಅವಳು ನನಗೆ ಹೇಳಿದ್ದು ಅದೇ ಮೊದಲು. ಕೇಕನ್ನು ಉಳಿದವರೆಲ್ಲ ತಿಂದೆವು. ಬೆಲ್ಲ ಒಂದಿಷ್ಟು ಮುಂದಾಗಿತ್ತು, ಉಳಿದಂತೆ ದೂರುವ ಹಾಗಿರಲಿಲ್ಲ.

ಮಾರನೆಯ ದಿನ ಅಚ್ಚು ಹಿಂದಿರುಗಿಸಲು ಹೋದಾಗ ನಂಜುಂಡ, "ತಿಂದ್ಲೇನ್ಲಾ ಸೊಸೆ?" ಎಂದ.

"ಇಲ್ಲ ಕಣ್ಲಾ. ತಿನ್ನಲ್ಲ ಅಂತ ಮಕದ್ ಮೇಲೇ ಅಂದ್ಬುಟ್ಳು."

"ಅದ್ಕೆ ನೀನ್ ಯಾಕ್ಲಾ ಹಿಂಗೆ ಹಲ್ ಕಿರೀತಿದ್ದೀಯ?"

ಅವನಿಗೆ ಬಿಡಿಸಿ ಹೇಳುತ್ತ ಕೂರಲಿಲ್ಲ. ಅಲ್ಲಿಂದ ಪಾತ್ರೆ ಅಂಗಡಿಗೆ ಹೋಗಿ ಡಬರಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದರ ಒಳಗೂ ಬೆರಳಾಡಿಸತೊಡಗಿದೆ. ಅಂಗಡಿಯವನು ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದ.

"ಏನಜ್ಜ, ಅಷ್ಟೊಂದ್ ತಡವ್ತಿದ್ದೀರಿ?"

"ನಮ್ ಸೊಸೆ ಹಿಂಗೇ ನೋಡಿ ತಗೋಬೇಕು ಅಂತ ಹೇಳವ್ಳೆ ಕಣಪ್ಪ" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಬೇಕಾದ್ದಕ್ಕಿಂತ ಒಸಿ ಜೋರಾಗಿಯೇ ಹೇಳಿದ್ದೆ.