ಒದ್ದೆಯಾದ ಮೇಲಿನ ತೂಕ

ಬೆಳಗ್ಗೆ ಮುಖ ತೊಳೆದು, ಕಣ್ಮುಚ್ಚಿ ಒಂದು ಗಳಿಗೆ ಕೈಮುಗಿದು ನಿಂತ ಮೇಲೆ ಅತ್ತಿಗೆ ಮಾಡುವ ಮೊದಲ ಕೆಲಸ ಬಟ್ಟೆ ತೂಗುವುದು. ತಕ್ಕಡಿಯಲ್ಲಲ್ಲ, ಅಂಗೈಯಲ್ಲಿ. ಹೊಲಿಗೆ ಅಂಗಡಿಯ ಕಪಾಟಿನಿಂದ ಒಂದು ತುಂಡು ಎಳೆದು, ಮಡಚಿ, ಅಂಗೈ ಮೇಲಿಟ್ಟು ಮೆಲ್ಲಗೆ ಆಡಿಸುತ್ತಾಳೆ. ಇದು ಅಂಗಿಗೆ, ಇದು ಚೀಲಕ್ಕೆ, ಇದು ಚಳಿಗೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ.

"ನನ್ನ ಮುಖ ನೋಡೋಕೆ ಮುಂಚೆ ಬಟ್ಟೆ ಮುಖ ನೋಡ್ತೀಯಲ್ಲೇ" ಎಂದು ಗಂಡ ಗೊಣಗಿದರೆ, "ಬಟ್ಟೆ ಗೊರಕೆ ಹೊಡೆಯಲ್ಲ ರೀ" ಎನ್ನುತ್ತಾಳೆ.

ಬೀದಿಗೆಲ್ಲ ಅವಳು ಅತ್ತಿಗೆಯೇ. ನಾದಿನಿ ಚಿಕ್ಕಂದಿನಿಂದ ಅಂಗಡಿ ಬಾಗಿಲಲ್ಲಿ ನಿಂತು "ಅತ್ತಿಗೇ" ಎಂದು ಕೂಗಿ ಕೂಗಿ, ಕೇಳಿದವರ ಬಾಯಿಗೂ ಅದೇ ಅಂಟಿಕೊಂಡಿತ್ತು. ಆ ನಾದಿನಿಗೆ ಈಗ ಒಂದೇ ಹುಚ್ಚು. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು, ಕಾಲು ಮುರಿದುಕೊಂಡವರನ್ನು ಹೊತ್ತು ತರುವ ರಕ್ಷಣಾ ತಂಡಕ್ಕೆ ಸೇರಬೇಕು. ಅದಕ್ಕೊಂದು ಪರೀಕ್ಷೆಯಿತ್ತು. ಹೊರೆ ಹೊತ್ತು ನೆತ್ತಿಯವರೆಗೆ ಹತ್ತಬೇಕು, ಗಾಳಿಗೆ ಮೈಯೊಡ್ಡಿ ಸಂಜೆಯವರೆಗೆ ಕಾವಲು ಕೂರಬೇಕು.

ಅತ್ತಿಗೆ ಇದ್ದುದರಲ್ಲೇ ಭಾರದ ಹತ್ತಿ ಬಟ್ಟೆ ಆರಿಸಿ, ಎರಡು ಪದರ ಕೊಟ್ಟು, ಕಲ್ಲಿನಂಥ ಕೋಟು ಹೊಲಿದುಕೊಟ್ಟಳು. ಭಾರವಿದ್ದಷ್ಟೂ ಬೆಚ್ಚಗೆ ಎಂಬುದು ಅವಳ ಲೆಕ್ಕಾಚಾರ. ನಾದಿನಿ ಹೊತ್ತಿಗೆ ಮುಂಚೆಯೇ ಇಳಿದು ಬಂದಳು, ತುಟಿ ನೀಲಿಗಟ್ಟಿತ್ತು. ಮುಂದಿನ ವಾರ ಇನ್ನೊಂದು ಅವಕಾಶ ಕೊಡುತ್ತೇನೆ, ಆಗಲೂ ನಡುವೆ ಎದ್ದು ಬಂದರೆ ಮತ್ತೆ ಕೇಳಬೇಡ ಎಂದಿದ್ದರು ತಂಡದ ನಾಯಕಿ.

"ಅಷ್ಟು ದಪ್ಪ ಕೋಟು ಹಾಕ್ಕೊಂಡೂ ಚಳೀನಾ?"

"ಹತ್ತೋವಾಗ ಬೆವರು ಸುರೀತು ಅತ್ತಿಗೆ. ಕೂತ ಮೇಲೆ ಆ ಬೆವರೇ ಐಸಾಯ್ತು."

ಮರುದಿನ ಅತ್ತಿಗೆ ಆ ಕೋಟನ್ನು ಒಗೆಯಲು ಬಕೆಟ್ಟಿನಲ್ಲಿ ನೆನೆಸಿಟ್ಟಳು. ಎತ್ತಲು ಹೋದಾಗ ರಟ್ಟೆಯೇ ಕಳಚಿ ಬರುವಂತಾಯಿತು. ಹಿಂಡಿದಳು, ಕೊಡವಿದಳು. ನೀರು ಬಿಟ್ಟೇ ಹೋಗಲೊಲ್ಲದು. ತಟ್ಟನೆ ಹೊಳೆಯಿತು.

"ಅಯ್ಯೋ ದೇವರೇ! ಇಷ್ಟು ವರ್ಷ ನಾನು ತೂಗಿದ್ದೆಲ್ಲ ಒಣಗಿದ ಬಟ್ಟೆ!"

ಮುಂದೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಂಗಡಿಯ ಚೂರುಪಾರೆಲ್ಲ ನೀರಿಗೆ ಬಿದ್ದವು. ಲಿನನ್ ಬಟ್ಟೆ ಬೇಗ ಆರಿತು, ಆದರೆ ಮೈಗೆ ತಣ್ಣಗೆ. ಅದು ಬೇಸಗೆಗಿರಲಿ ಎಂದು ಪಕ್ಕಕ್ಕಿಟ್ಟಳು. ಹಳೆಯ ಶಾಲಿನ ಉಣ್ಣೆ ಚೂರನ್ನು ಹಿಂಡಿ ಬಿಟ್ಟರೆ ಅದು ನಿದ್ದೆಯಿಂದೆದ್ದ ಬೆಕ್ಕಿನ ಹಾಗೆ ಮೈಯುಬ್ಬಿಸಿತು. ಗಂಡನನ್ನು ಎಳೆತಂದು, ಬಲಗೈಗೆ ಒದ್ದೆ ಹತ್ತಿ, ಎಡಗೈಗೆ ಒದ್ದೆ ಉಣ್ಣೆ ಸುತ್ತಿ ಫ್ಯಾನಿನ ಮುಂದೆ ಕೂರಿಸಿದಳು.

"ಹೇಗಿದೆ ರೀ?"

"ಬಲಗೈ ಸತ್ತೇ ಹೋಯ್ತು ಕಣೇ. ಎಡಗೈ ಇನ್ನೂ ಸಂಸಾರ ಮಾಡ್ತಿದೆ."

ಅವಳು ಚಪ್ಪಲಿ ಮೆಟ್ಟಿದವಳೇ ಬಟ್ಟೆ ಅಂಗಡಿಗೆ ಓಡಿದಳು, ಹಿಂದೆಯೇ ನಾದಿನಿ. ಅಂಗಡಿಯವರು ಮಿರಮಿರ ಮಿಂಚುವ ನೈಲಾನ್ ಬಿಡಿಸಿದರು.

"ಬೇಡಪ್ಪ" ಎಂದಳು ನಾದಿನಿ. "ತಂಡದೋರು ಬೆಟ್ಟದಲ್ಲಿ ಬೆಂಕಿ ಹಾಕ್ಕೊಂಡು ಸುತ್ತ ಕೂರ್ತಾರೆ. ಕಿಡಿ ಬಿದ್ರೆ ಇದು ಕರಗಿ ಮೈಗಂಟುತ್ತೆ."

ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತೆಳು ಉಣ್ಣೆಯ ಸುರುಳಿ ಸಿಕ್ಕಿತು. "ಇಷ್ಟು ತೆಳ್ಳಗಿದೆ ಅಂತ ಯಾರೂ ಮುಟ್ಟಿಲ್ಲ ತಾಯಿ, ಇದ್ಯಾವ ಚಳಿಗಾಗುತ್ತೆ?" ಎಂದರು ಅಂಗಡಿಯವರು. ಅತ್ತಿಗೆ ಅದನ್ನು ಕೂಸಿನಂತೆ ಎತ್ತಿಕೊಂಡಳು.

ಮೈಗೆ ತಾಗುವಂತೆ ತೆಳು ಉಣ್ಣೆಯ ಅಂಗಿ. ಅದರ ಮೇಲೆ ಸಡಿಲ ನೇಯ್ಗೆಯ ಉಣ್ಣೆಯದೇ ಇನ್ನೊಂದು, ಗಾಳಿ ಹಿಡಿದಿಟ್ಟುಕೊಳ್ಳಲು. ಎಲ್ಲಕ್ಕೂ ಮೇಲೆ ಒತ್ತಾಗಿ ನೇಯ್ದ ಹಗುರ ಹತ್ತಿಯ ಹೊದಿಕೆ, ಬೆಟ್ಟದ ಗಾಳಿ ಒಳನುಗ್ಗದ ಹಾಗೆ. ಹೊರೆಯ ಪಟ್ಟಿ ಉಜ್ಜದಿರಲೆಂದು ಹೆಗಲ ಹೊಲಿಗೆಯನ್ನು ಬೆನ್ನಿಗೆ ಸರಿಸಿದಳು.

ಮೂರನ್ನೂ ಒಟ್ಟಿಗೆ ಎತ್ತಿ ನೋಡಿ ನಾದಿನಿ ಮುಖ ಸಣ್ಣದು ಮಾಡಿದಳು. "ಇದೇನು, ಸೊಳ್ಳೆ ಪರದೇನಾ? ಹೋದ ಸಲವೂ ನಿನ್ನೇ ನಂಬಿದ್ದೆ ಅತ್ತಿಗೆ."

ಮಾತು ಚುಚ್ಚಿತು. ಆದರೂ ಅತ್ತಿಗೆ ಹೇಳಿದಳು, "ಈ ಸಲ ನಂಬಬೇಡ. ಹಾಕ್ಕೊಂಡು ತಾರಸಿಗೆ ನಡಿ."

ತಾರಸಿಯಲ್ಲಿ ಗಾಳಿ ಬೀಸುತ್ತಿತ್ತು. ಅತ್ತಿಗೆ ಚೆಂಬು ತುಂಬ ತಣ್ಣೀರು ತಂದು ಅವಳ ಕುತ್ತಿಗೆಯೊಳಗೆ ಸುರಿದೇಬಿಟ್ಟಳು. ನಾದಿನಿ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ಆಮೇಲೆ ಅವಳು ಕುತ್ತಿಗೆ ಮುಟ್ಟಿಕೊಂಡಳು. ತೋಳು ಮುಟ್ಟಿಕೊಂಡಳು, ಹೊಟ್ಟೆ ಮುಟ್ಟಿಕೊಂಡಳು.

"ಅತ್ತಿಗೆ, ಒದ್ದೆ ಇದೆ. ಚಳಿ ಇಲ್ಲ!"

"ನಿಜವಾಗ್ಲೂ? ನನ್ನ ಮೇಲಾಣೆ?"

"ನಿನ್ನ ಗಂಡನ ಮೇಲಾಣೆ!"

"ನನ್ನನ್ಯಾಕೆ ಎಳೀತೀರಮ್ಮ ಮಧ್ಯಕ್ಕೆ?" ಎಂದ ಅವನು ಕೆಳಗಿನಿಂದ.

ಪರೀಕ್ಷೆಯ ದಿನ ಅತ್ತಿಗೆ ಒಂದೇ ಮಾತು ಹೇಳಿ ಕಳಿಸಿದಳು. "ಹತ್ತೋವಾಗ ನಡುವಿನ ಅಂಗಿ ಚೀಲದಲ್ಲಿರಲಿ. ಕೂತ ತಕ್ಷಣ ಹಾಕ್ಕೋ, ನಡುಕ ಬರೋತನಕ ಕಾಯಬೇಡ."

ಬೆಟ್ಟದ ಬುಡದಲ್ಲಿ ಗಂಡನ ಜೊತೆ ಕಾಯುತ್ತಾ ಅತ್ತಿಗೆಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮಧ್ಯಾಹ್ನ ಮಂಜು ನೆತ್ತಿಯನ್ನು ನುಂಗಿತು. ಒಬ್ಬ ಹುಡುಗಿ ನಡುಗುತ್ತಾ ಇಳಿದು ಬಂದಳು. ಅತ್ತಿಗೆ ಕತ್ತು ಚಾಚಿ ನೋಡಿದಳು, ತಮ್ಮವಳಲ್ಲ. ತನ್ನ ಶಾಲು ತೆಗೆದು ಆ ಹುಡುಗಿಗೆ ಹೊದಿಸಿ, ಮತ್ತೆ ಮೇಲೆ ನೋಡುತ್ತಾ ನಿಂತಳು. ತುಟಿ ಮಾತ್ರ ಅಲುಗುತ್ತಿತ್ತು.

ಸಂಜೆ ಬಿಸಿಲು ಇಣುಕುವ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು. "ಅತ್ತಿಗೇ!" ತೊಪ್ಪೆಯಾದ ಕೂದಲು, ಕೆಂಪಗಿನ ಕೆನ್ನೆ, ಇಳಿಜಾರಿನಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಬಂದಳು ನಾದಿನಿ. ಹಿಂದೆ ಬಂದ ನಾಯಕಿ ನಗುತ್ತಿದ್ದರು. "ಇಳಿ ಅಂದ್ರೂ ಇಳೀಲಿಲ್ಲ ರೀ ಇವಳು. ನಾಳೆಯಿಂದ ನಮ್ಮವಳು."

ಅತ್ತಿಗೆ ಅವಳನ್ನು ತಬ್ಬಿದಳು. ತಬ್ಬಿದ ಕೈ ಹಾಗೇ ಕಾಲರಿನೊಳಗೆ ತೂರಿ ಒಳಗಿನ ಉಣ್ಣೆಯನ್ನು ಮುಟ್ಟಿ ನೋಡಿತು.

"ದಣಿದಿದ್ದೀರಿ, ನಮ್ಮ ಜೀಪಲ್ಲಿ ಮನೆ ಬಾಗಿಲಿಗೇ ಬಿಡ್ತೀವಿ, ಹತ್ತಿ" ಎಂದರು ನಾಯಕಿ. ಗಂಡ ಆಗಲೇ ಒಂದು ಕಾಲು ಮೇಲಿಟ್ಟಿದ್ದ.

"ಬೇಡಮ್ಮ, ನೀವು ಹೋಗಿ" ಎಂದಳು ಅತ್ತಿಗೆ, ಗಂಡನ ಅಂಗಿ ಹಿಡಿದು ಕೆಳಗಿಳಿಸುತ್ತಾ. "ಗಾಳಿ ಚೆನ್ನಾಗಿದೆ. ನಡೀತಾ ನಡೀತಾ ಇವಳ ಮೈಮೇಲೇ ಈ ಉಣ್ಣೆ ಹೇಗೆ ಆರುತ್ತೆ ಅಂತ ನಾನು ನೋಡ್ಬೇಕು."